ಬಸಣ್ಣನ ಪೆಡಲ್ ಟೋಕಿಯೋಗೆ ಹೋಗಿ ಬಂದದ್ದು

ಚನ್ನರಾಯಪಟ್ಟಣ

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಬುಲೆಟ್ ರೈಲು ಹತ್ತಿದ್ರಾ ಅಂತ. ಹತ್ತಿದೆ. ಜೋರಾಗಿ ಹೋಗುತ್ತದೆ. ಅಲ್ಲಿಗೆ ಆ ವಿಷಯ ಮುಗಿಯಿತು. ನಾನು ಹೇಳಬೇಕೆಂದಿರುವುದು ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿಯನ್ನೂ ಅದನ್ನು ಮಾಡಿದ ಮನುಷ್ಯನನ್ನೂ ಜಪಾನಿಗೆ ಕರೆದುಕೊಂಡು ಹೋದ ಕಥೆ.

ನನ್ನದು ಚನ್ನರಾಯಪಟ್ಟಣದಲ್ಲಿ ಪವರ್ ಟಿಲ್ಲರ್ ಮತ್ತು ಪಂಪ್‌ಸೆಟ್ಟಿನ ಅಂಗಡಿ. ಅದು ಹೊಟ್ಟೆಪಾಡು. ಮೂವತ್ತು ವರ್ಷದಿಂದ ಹಾಸನ ಜಿಲ್ಲೆಯ ಮದುವೆ ಛತ್ರಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ವಾದ್ಯಗೋಷ್ಠಿಯ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಅದು ಹುಚ್ಚು. ನಾಲ್ಕೇ ದಪ್ಪ ತಂತಿಯ ಈ ವಾದ್ಯ ವೇದಿಕೆಯ ಮೇಲಿದೆ ಅನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ. ನಿಲ್ಲಿಸಿದರೆ ಮಾತ್ರ ‘ಏನೋ ಕಮ್ಮಿಯಾಯ್ತಲ್ಲ’ ಅನ್ನುತ್ತಾರೆ. ನನ್ನ ಹೆಂಡತಿ ಪದ್ಮ ಇಷ್ಟು ವರ್ಷ ಸಂಸಾರ ಮಾಡಿಯೂ, “ನೀವು ನುಡ್ಸೋದು ಯಾವ್ದು, ಆ ಟಿಂಗ್ ಟಿಂಗ್ ಅನ್ನೋದಾ?” ಎಂದು ಕೇಳುತ್ತಾಳೆ. ಅಲ್ಲ ಕಣೇ, ಅದರ ಕೆಳಗಿರೋದು ಅಂದರೆ ಬಗ್ಗಿ ವೇದಿಕೆಯ ಕೆಳಗೆ ನೋಡುತ್ತಾಳೆ.

ಬೇಸ್ ನುಡಿಸುವವರಿಗೆ ಇನ್ನೊಂದು ಕಾಯಿಲೆಯಿದೆ, ಪೆಡಲ್ ಕಾಯಿಲೆ. ಗಿಟಾರಿಗೂ ಸ್ಪೀಕರಿಗೂ ನಡುವೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, ಅದರ ಗುಂಡಿಯನ್ನು ಕಾಲಲ್ಲಿ ತುಳಿದರೆ ನಾದವೇ ಬದಲಾಗುತ್ತದೆ. ಒಂದು ಡಬ್ಬಿ ನಾದವನ್ನು ಅಲೆಯಾಡಿಸುತ್ತದೆ, ಇನ್ನೊಂದು ಕಪ್ಪೆಯ ಹಾಗೆ ವಟಗುಟ್ಟಿಸುತ್ತದೆ, ಮತ್ತೊಂದು ಬೆಚ್ಚಗೆ ಗುರುಗುಟ್ಟಿಸುತ್ತದೆ. ಹಾಸನದಲ್ಲಿ ನಾಲ್ಕು ಜನ ಬೇಸಿನವರು ಸೇರಿದರೆ ಮಳೆ ಬೆಳೆ, ಮಕ್ಕಳ ಮದುವೆ ಯಾವುದೂ ಬರುವುದಿಲ್ಲ, ಬರೀ ಇದೇ ಮಾತು. ನನ್ನ ಹತ್ತಿರ ಇದ್ದದ್ದು ಒಂದೇ ಪೆಡಲ್. ಆದರೆ ಅದನ್ನು ತುಳಿದಾಗ ಹೊರಡುವ ತುಂಬು ಗುಡುಗನ್ನು ಕೇಳುವುದಕ್ಕೆಂದೇ ಅರಕಲಗೂಡಿನಿಂದ ಸ್ಕೂಟರಿನಲ್ಲಿ ಬಂದುಹೋದವರಿದ್ದಾರೆ.

ಅದನ್ನು ಮಾಡಿದವರು ಹೊಳೆನರಸೀಪುರದ ಬಸವರಾಜು. ನಮಗೆಲ್ಲ ಬಸಣ್ಣ. ವಯಸ್ಸು ಅರವತ್ತೇಳು, ಹಣೆ ತುಂಬ ವಿಭೂತಿ, ಬಸ್ ಸ್ಟ್ಯಾಂಡಿನ ಹಿಂದೆ ಒಂದು ರಿಪೇರಿ ಅಂಗಡಿ. ಮೊದಲು ರೇಡಿಯೊ, ಟೇಪ್‌ರೆಕಾರ್ಡರ್, ಟಿ.ವಿ.; ಈಗ ಮಿಕ್ಸಿ ಮತ್ತು ಮೈಕ್ ಸೆಟ್ಟು. ಬಸಣ್ಣನದೊಂದು ಕಟ್ಟುನಿಟ್ಟು. ಅವರ ಕೈಯಲ್ಲಿ ಸರಿಯಾದ ಪ್ರತಿ ಸಾಮಾನಿನ ಒಳಗೂ ಒಂದು ಚೀಟಿ ಅಂಟಿಸಿರುತ್ತಾರೆ: ಹೆಸರು, ಊರು, ತಾರೀಕು, ಸಹಿ. ನಮ್ಮ ಕಡೆ ಯಾರ ಮನೆಯ ಹಳೇ ರೇಡಿಯೊ ಬಿಚ್ಚಿದರೂ ಬಸಣ್ಣನ ಚೀಟಿ ಸಿಗುತ್ತದೆ. ಮತ್ತೆ ಕೆಟ್ಟರೆ ಆ ಚೀಟಿ ತೋರಿಸಿದರೆ ಸಾಕು, ಕಾಸಿಲ್ಲದೆ ಮಾಡಿಕೊಡುತ್ತಾರೆ.

ನನ್ನ ಪೆಡಲಿನ ಒಳಗೆ ಮಾತ್ರ ಚೀಟಿಯಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಹಾಸನದ ಗಿಟಾರಿನವನೊಬ್ಬ ಜಪಾನಿನ ಒಂದು ಪೆಡಲಿನ ಸರ್ಕ್ಯೂಟ್ ನಕ್ಷೆಯ ಜೆರಾಕ್ಸ್ ತಂದುಕೊಟ್ಟಿದ್ದ. ಅದನ್ನು ನೋಡಿಕೊಂಡು ಹಳೇ ಟಿ.ವಿ.ಗಳ ಸಾಮಾನು ಕಿತ್ತು ಬಸಣ್ಣ ಇದನ್ನು ಕಟ್ಟಿದ್ದರು. ಚೀಟಿ ಯಾಕಿಲ್ಲ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಅದೇ ಉತ್ತರ.

“ಇದು ಕಾಪಿ ಕಣ್ಲಾ ಲೋಕೇಶ. ಅಸಲಿ ಜಪಾನಲ್ಲೈತೆ. ಒಂದ್ಸತಿ ಅದ್ರ ಪಕ್ಕ ಇಟ್ಟು ಕೇಳ್ಬೇಕು. ಎರಡೂ ಒಂದೇ ಅಂಗೆ ಕೇಳುದ್ರೆ ಆವತ್ತು ಚೀಟಿ ಆಕ್ತೀನಿ. ಅಲ್ಲೀಗಂಟ ಇಲ್ಲ.”

ಈ ವರ್ಷ ನನಗೆ ಟಿಲ್ಲರ್ ಕೊಡುವ ಕಂಪನಿಯವರು ಒಂದಷ್ಟು ಡೀಲರುಗಳನ್ನು ಜಪಾನ್ ತೋರಿಸಲು ಆರಿಸಿದರು. ಜೊತೆಗೆ ಒಬ್ಬರನ್ನು ಕರೆತರಬಹುದು. ಪದ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು: “ಆ ಹಸಿಮೀನಿನ ವಾಸ್ನೇಲಿ ಆರು ದಿನ ನನ್ ಕೈಲಾಗಲ್ಲ. ಬಸಣ್ಣನ್ನ ಕರ್ಕೊಂಡೋಗಿ. ಹೆಂಗೂ ನಿಮ್ಮಿಬ್ರುದೂ ಒಂದೇ ಹುಚ್ಚು.”

ನಾನು ಅಂಗಡಿಗೆ ಹೋಗಿ ವಿಷಯ ಹೇಳಿದಾಗ ಬಸಣ್ಣ ಒಂದು ಮಿಕ್ಸಿಯ ಹೊಟ್ಟೆ ಸೀಳಿ ಕುಳಿತಿದ್ದರು. ಸ್ಕ್ರೂ ಡ್ರೈವರ್ ಕೆಳಗಿಟ್ಟರು. ಗಾಬರಿಯಾಗಿದ್ದು ಮುಖದಲ್ಲೇ ಕಾಣುತ್ತಿತ್ತು. “ಒಂದೇ ಅಂಗೆ ಕೇಳದೆ ಓದ್ರೆ ಏನ್ಲಾ ಮಾಡದು?” ಅಂದರು.

ಬೆಂಗಳೂರಿನ ವಿಮಾನ ನಿಲ್ದಾಣ

ಆಯುಧ ಪೂಜೆಯ ದಿನ ಬಸಣ್ಣನ ಅಂಗಡಿಯಲ್ಲಿ ಯಾವ ವಸ್ತುವಿಗೂ ವಿನಾಯಿತಿಯಿಲ್ಲ. ಸ್ಕ್ರೂ ಡ್ರೈವರಿನಿಂದ ಹಿಡಿದು ಸಾಮಾನು ತುಂಬಿದ ಖಾನೆಗಳವರೆಗೆ ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ. ಆಮೇಲೆ ಮಾವಿನೆಲೆಯಲ್ಲಿ ಕುಂಕುಮದ ನೀರು ಅದ್ದಿ ಅಂಗಡಿಯ ಮೂಲೆಮೂಲೆಗೂ ಚಿಮುಕಿಸುತ್ತಾರೆ. ನನ್ನ ಪೆಡಲನ್ನೂ ವರ್ಷವರ್ಷ ಅಲ್ಲಿಗೆ ಒಯ್ದು ಪೂಜೆ ಮಾಡಿಸಿದ್ದೇನೆ. ಹಾಗಾಗಿ ಅದರ ಮೂಲ ಬಣ್ಣ ಯಾವುದೆಂದು ನನಗೇ ಮರೆತುಹೋಗಿದೆ.

ತಪಾಸಣೆಯ ಯಂತ್ರದೊಳಗೆ ಅದು ಹೇಗೆ ಕಂಡಿರಬೇಕು ನೀವೇ ಊಹಿಸಿ: ಕಬ್ಬಿಣದ ಡಬ್ಬಿ, ಒಳಗೆ ವೈರುಗಳು, ಒಂದು ಬ್ಯಾಟರಿ, ಮೇಲೆಲ್ಲ ಕೆಂಪು ಪುಡಿ. ನನ್ನ ಬ್ಯಾಗು ಬೇರೆ ಸಾಲಿಗೆ ಹೋಯಿತು.

“ಇದೇನ್ರೀ?” ಅಧಿಕಾರಿ ಕೇಳಿದರು.

“ಪೆಡಲ್ ಸಾ,” ಅಂದರು ಬಸಣ್ಣ, ನಾನು ಬಾಯಿ ತೆರೆಯುವ ಮುಂಚೆ. “ತುಳಿಯೋದು.”

“ತುಳಿದ್ರೆ ಏನಾಗುತ್ತೆ?”

“ಗುಡುಗ್ತದೆ ಸಾ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಸಣ್ಣ, ದಮ್ಮಯ್ಯ, ಸುಮ್ನಿರಿ ಅಂತ ಅವರ ಕೈ ಅದುಮಿದೆ. ಪೆಡಲಿನ ಪುಡಿಯನ್ನು ಬಟ್ಟೆಯಲ್ಲಿ ಒರೆಸಿ ಪರೀಕ್ಷೆ ಮಾಡಿದರು, ಹಿಂದಿನ ತಗಡು ಬಿಚ್ಚಿಸಿ ನೋಡಿದರು, ಮೊಬೈಲಿನಲ್ಲಿದ್ದ ನನ್ನ ಕಾರ್ಯಕ್ರಮದ ವಿಡಿಯೊ ನೋಡಿದರು. ಕೊನೆಗೆ ಆ ಪುಣ್ಯಾತ್ಮ ನಕ್ಕು, “ನಮ್ ತಂಗಿ ಮದ್ವೆಗೂ ಇಂಥದ್ದೇ ಆರ್ಕೆಸ್ಟ್ರಾ ಇತ್ತು, ಹೋಗಿ” ಎಂದು ಬಿಟ್ಟರು. ಜೊತೆಯ ಡೀಲರುಗಳೆಲ್ಲ ಅಷ್ಟು ಹೊತ್ತೂ ನಮ್ಮನ್ನು ಗುರುತೇ ಇಲ್ಲದವರಂತೆ ಆಚೆ ನಿಂತಿದ್ದರು.

ಟೋಕಿಯೋದಲ್ಲಿ ಇಳಿದಾಗಲೂ ಬ್ಯಾಗು ಬಿಚ್ಚಿಸಿದರು. ಬಿಳಿ ಕೈಗವಸಿನ ಹುಡುಗಿಯೊಬ್ಬಳು ಪೆಡಲನ್ನು ನೋಡಿದಳು, ಕುಂಕುಮ ನೋಡಿದಳು, ಬಸಣ್ಣನ ಹಣೆ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಎತ್ತಿ, ತಲೆ ಬಾಗಿಸಿ, ಬಸಣ್ಣನ ಕೈಗೇ ಕೊಟ್ಟಳು. ಒಂದು ಪ್ರಶ್ನೆಯಿಲ್ಲ. ಬಸಣ್ಣ ಎಷ್ಟು ಕರಗಿಹೋದರೆಂದರೆ ಹೊರಗೆ ಬರುವವರೆಗೂ ಅದನ್ನು ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡು ನಡೆದರು.

ಟೋಕಿಯೋ, ಮೊದಲ ದಿನಗಳು

ಇಲ್ಲಿನ ರೈಲಿನೊಳಗೆ ಯಾರೂ ಮಾತಾಡುವುದಿಲ್ಲ. ಜನ ಕಾಳು ತುಂಬಿದ ಮೂಟೆಯಷ್ಟು ಒತ್ತಾಗಿರುತ್ತಾರೆ, ಆದರೂ ಚಪ್ಪಲಿ ಸರಿದ ಸದ್ದು ಕೇಳುತ್ತದೆ. ನಮ್ಮ ಅರಕಲಗೂಡು ಬಸ್ಸಿನಲ್ಲಿ ಹಾಸನದಿಂದ ಹೊರಟು ಅರ್ಧ ದಾರಿ ಮುಟ್ಟುವುದರೊಳಗೆ ಪಕ್ಕದವರ ಸೊಸೆಗೆ ಎಷ್ಟನೇ ತಿಂಗಳು ಅನ್ನುವುದೂ ಗೊತ್ತಾಗಿರುತ್ತದೆ. ಇಂಥ ನಿಶ್ಶಬ್ದದ ನಡುವೆ ಬಸಣ್ಣನ ಮೊಬೈಲು ಹೊಡೆದುಕೊಂಡಿತು. ಅವರ ಹೆಂಡತಿ ಗೌರಕ್ಕ.

“ಊಂ ಕಣೇ, ತಿಂದೆ! ಅವಲಕ್ಕೀನೇ! ಇಲ್ಲ ಕಣೇ, ಮಸರು ಸಿಗಲ್ಲ ಇಲ್ಲಿ! ಸಿಗಲ್ಲ ಅಂದೆ!”

ಇಡೀ ಬೋಗಿ ಕೇಳಿಸಿಕೊಂಡಿತು. ಒಬ್ಬರೂ ತಿರುಗಿ ನೋಡಲಿಲ್ಲ, ಮುಖ ಸಿಂಡರಿಸಲಿಲ್ಲ. ಎದುರಿಗೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ತಮ್ಮದೇ ತಪ್ಪು ಎಂಬಂತೆ ನೆಲ ನೋಡಿದರು. ಅದನ್ನು ಕಂಡು ಬಸಣ್ಣನಿಗೆ ನಾಚಿಕೆಯಾಗಿ ಫೋನ್ ಜೇಬಿಗೆ ತುರುಕಿದರು. “ಬೈದ್ಬುಟ್ಟಿದ್ರೆ ವಾಸಿಯಾಗಿತ್ತು ಕಣ್ಲಾ,” ಅಂದರು ಪಿಸುಮಾತಿನಲ್ಲಿ. ಆಮೇಲೆ ಉಳಿದ ದಿನವೆಲ್ಲ ರೈಲು ಹತ್ತುವ ಮುಂಚೆ ಫೋನಿನ ಬಾಯಿ ಮುಚ್ಚಿಸುವುದು ಅವರದೇ ಜವಾಬ್ದಾರಿಯಾಯಿತು. ಡೀಲರುಗಳ ಫೋನನ್ನೂ ಬಿಡಲಿಲ್ಲ.

ನನಗೆ ಊಟದ ತೊಂದರೆಯಿರಲಿಲ್ಲ. ಗೌಡರ ಮನೆಯವನು, ಕೊಟ್ಟದ್ದನ್ನೆಲ್ಲ ತಿಂದೆ. ಬಸಣ್ಣ ಮೊಟ್ಟೆಯನ್ನೂ ಮುಟ್ಟುವವರಲ್ಲ. ಎರಡನೇ ದಿನ ಹೋಟೆಲಿನಲ್ಲಿ ಮೀನು ಸೋಕದ ಸಾರು ಕೇಳಿದರು. ಬಡಿಸುವವನು ಕತ್ತು ವಾಲಿಸಿ, ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದುಕೊಂಡು ನಿಂತ. “ಪಾಪ, ಖಾರ ತಿಂದವ್ನೆ ಅಂತ ಕಾಣ್ತದೆ, ನೀರ್ ಕೊಡ್ಲಾ,” ಅಂದರು ಬಸಣ್ಣ. ನಮ್ಮ ಜೊತೆಗಿದ್ದ ಗೈಡ್ ಹೆಂಗಸು ಆಗ ವಿವರಿಸಿದಳು: ಇಲ್ಲಿನವರು ಎದುರಿಗಿರುವವರಿಗೆ ಇಲ್ಲ ಅನ್ನಲಾರರು. ಹಾಗೆ ಉಸಿರೆಳೆದುಕೊಂಡರೆ ಅದೇ ‘ಆಗುವುದಿಲ್ಲ’. ಇಂಥ ಸಜ್ಜನಿಕೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಇರಬಾರದಿತ್ತೇ ಎಂದುಕೊಂಡೆ.

ಗದ್ದೆಗಳನ್ನು ತೋರಿಸಿದರು, ನಾಟಿ ಯಂತ್ರ ತೋರಿಸಿದರು. ಎಂಬತ್ತು ದಾಟಿದ ರೈತನೊಬ್ಬ ಕೆಲಸ ಮುಗಿಸಿ, ಟಿಲ್ಲರಿನ ಒಂದೊಂದು ಹಲ್ಲನ್ನೂ ಒರೆಸಿ ಒಳಗಿಟ್ಟದ್ದನ್ನು ನಿಂತು ನೋಡಿದೆ. ನಾನು ಮಾರಿದ ಟಿಲ್ಲರುಗಳು ಮಲ್ಲಿಪಟ್ಟಣದ ಬಯಲಿನಲ್ಲಿ ಕೆಸರು ಮೆತ್ತಿಕೊಂಡು ಮಳೆಯಲ್ಲಿ ನೆನೆಯುವುದು ನೆನಪಾಗಿ, ವಾಪಸ್ಸು ಹೋಗಿ ಯಾರ್‍ಯಾರಿಗೆ ಬೈಯಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಬಸಣ್ಣನಿಗೆ ಇದಾವುದರ ಮೇಲೂ ಗಮನವಿರಲಿಲ್ಲ. ಜೆರಾಕ್ಸ್ ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬನಿಯನ್ ಜೇಬಿನಲ್ಲಿಟ್ಟುಕೊಂಡಿದ್ದರು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಚನೊಮಿಜು

ಐದನೇ ದಿನ ಮಧ್ಯಾಹ್ನ ಬಿಡುವು ಸಿಕ್ಕಿತು. ಉಳಿದವರು ಅಂಗಡಿ ಬೀದಿಗೆ ಹೋದರು. ನಾವಿಬ್ಬರು ಗೈಡ್ ಬರೆದುಕೊಟ್ಟ ಚೀಟಿ ಹಿಡಿದು ಒಚನೊಮಿಜು ಎಂಬಲ್ಲಿ ಇಳಿದೆವು.

ಅಯ್ಯೋ, ಏನು ಹೇಳಲಿ! ರಸ್ತೆಯ ಎರಡೂ ಕಡೆ ಗಿಟಾರ್ ಅಂಗಡಿಗಳೇ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಗಳು ಸಾಲಾಗಿಲ್ಲವೇ, ಹಾಗೆ. ನಾವು ಹೊಕ್ಕ ಅಂಗಡಿಯಲ್ಲಿ ಎರಡನೇ ಮಹಡಿ ಪೂರ್ತಿ ಬೇಸಿಗೇ ಮೀಸಲು. ಗೋಡೆಯ ಉದ್ದಕ್ಕೂ ಪೆಡಲುಗಳು. ಕೆಂಪು, ನೀಲಿ, ತಾಮ್ರದ ಬಣ್ಣ, ಒಂದರ ಮೇಲೆ ಬೆಕ್ಕಿನ ಚಿತ್ರ. ಮೂವತ್ತು ವರ್ಷ ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತ ನನ್ನಂಥವನಿಗೆ ಇಡೀ ಒಂದು ಮಹಡಿಯ ಮರ್ಯಾದೆ! ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವುದಿಲ್ಲ, ಬಂತು.

ಮಾರಾಟದ ಯುವಕ ನನ್ನ ಮುಂದೆ ಮಂಡಿಯೂರಿ ಕೂತು ನಾನು ಎಂಥ ಸಂಗೀತ ನುಡಿಸುತ್ತೇನೆ ಎಂದು ಮೊಬೈಲಿನ ಮೂಲಕ ಕೇಳಿದ. ಅವನ ಫೋನು ಅವನ ಮಾತನ್ನು ಕನ್ನಡ ಮಾಡಿ ಒಪ್ಪಿಸುತ್ತಿತ್ತು, ಅದೂ ಹಳೇ ಕಾಲದ ಆಹ್ವಾನಪತ್ರಿಕೆಯ ಧಾಟಿಯಲ್ಲಿ. ‘ಮಾನ್ಯ ಗ್ರಾಹಕರೇ, ದಯಮಾಡಿ ತಮ್ಮ ಕಾರ್ಯಕ್ರಮದ ಸ್ವರೂಪ ತಿಳಿಸಿ.’ ಮದುವೆ, ಬೀಗರೂಟ ಅಂದೆ. ಗಂಭೀರವಾಗಿ ಬರೆದುಕೊಂಡ. ನನ್ನ ಬೆಲ್ಟಿನ ಬಕಲ್ಲು ವಾದ್ಯವನ್ನು ಗೀರದಿರಲಿ ಎಂದು ಸೊಂಟಕ್ಕೊಂದು ಬಟ್ಟೆ ಕಟ್ಟಿ, ಶ್ರುತಿ ಮಾಡಿ, ತಂತಿ ಒರೆಸಿ ಬೇಸನ್ನು ತೊಡೆಯ ಮೇಲಿಟ್ಟ. ಆಮೇಲೆ ಒಂದೊಂದೇ ಪೆಡಲ್ ತಂದ.

ಒಂದನ್ನು ತುಳಿದೆ, ನಾನು ನುಡಿಸಿದ ಸ್ವರದ ಕೆಳಗೆ ಇನ್ನೊಂದು ಸ್ವರ ಬಂದು ನಿಂತಿತು. ಇನ್ನೊಂದನ್ನು ತುಳಿದೆ, ನಾದ ಕೆರೆಯಲ್ಲಿ ಕಲ್ಲೆಸೆದಂತೆ ಹರಡಿತು. ಮತ್ತೊಂದು ಏನೂ ಮಾಡಲಿಲ್ಲ ಅನ್ನಿಸಿತು, ಆರಿಸಿದಾಗ ನೋಡಿದರೆ ನನ್ನ ಬೆರಳಿನ ಅರ್ಧ ತಪ್ಪುಗಳನ್ನು ಅದು ಮುಚ್ಚಿಟ್ಟಿತ್ತು. ಕಪ್ಪೆಯ ಪೆಡಲಿಗಂತೂ ಬಸಣ್ಣ ಬಿದ್ದು ಬಿದ್ದು ನಕ್ಕರು. “ಲೇ, ಇದುನ್ನ ಬೀಗರೂಟದಲ್ಲಿ ತುಳುದ್ರೆ ಬೀಗ್ರು ಎದ್ದೋಗ್ತಾರೆ ಕಣ್ಲಾ!” ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಂದನ್ನು ಕೊಳ್ಳಲೇಬೇಕೆಂಬ ಒತ್ತಾಯ ಆ ಹುಡುಗನ ಮುಖದಲ್ಲಿ ಒಂದು ಕ್ಷಣಕ್ಕೂ ಕಾಣಲಿಲ್ಲ. ನಮ್ಮಲ್ಲಿ ಸೀರೆ ಅಂಗಡಿಯಲ್ಲಿ ಮೂರನೇ ಸೀರೆ ಬಿಚ್ಚಿಸಿದರೆ ಅವರ ಧ್ವನಿಯೇ ಬದಲಾಗುತ್ತದೆ.

ನಗು ನಿಂತ ಮೇಲೆ ಬಸಣ್ಣ ಬನಿಯನ್ ಜೇಬಿನಿಂದ ನಕ್ಷೆ ತೆಗೆದರು. ಯುವಕ ನೋಡಿದವನೇ ತಲೆಯಾಡಿಸಿ, ಗಾಜಿನ ಬೀರುವಿನ ಬೀಗ ತೆಗೆದು, ಒಂದು ಬೂದು ಬಣ್ಣದ ಹಳೇ ಪೆಡಲನ್ನು ಎರಡು ಕೈಯಲ್ಲಿ ತಂದಿಟ್ಟ.

ಅಸಲಿ.

ಬಸಣ್ಣ ಅದನ್ನು ಮುಟ್ಟಲಿಲ್ಲ. ಕುಂಕುಮ ಮೆತ್ತಿದ ತಮ್ಮ ಪೆಡಲನ್ನು ಅದರ ಪಕ್ಕದಲ್ಲಿಟ್ಟು, ಸ್ಪೀಕರಿನ ಎದುರು ಸ್ಟೂಲ್ ಎಳೆದುಕೊಂಡು ಕೂತರು. “ಮೊದ್ಲು ನಂದು ಬಾರ್ಸು. ಆಮೇಲೆ ಅದು.”

ಬಸಣ್ಣನದನ್ನು ತುಳಿದೆ. ಅದೇ ತುಂಬು ಗುಡುಗು. ಕಿಟಕಿಯ ಗಾಜು ನಡುಗಿತು. ಆಚೆ ತಂತಿ ನೋಡುತ್ತಿದ್ದ ಇಬ್ಬರು ಹುಡುಗರು ತಿರುಗಿ ನಿಂತರು. ಆಮೇಲೆ ಅಸಲಿಯನ್ನು ತುಳಿದೆ.

ನಾದಕ್ಕೆ ಹೊಟ್ಟೆಯೇ ಇಲ್ಲ. ಮೇಲೆ ಜೊರ್ ಎಂಬ ಸದ್ದಿದೆ, ಕೆಳಗೆ ಖಾಲಿ. ನನ್ನ ಕೈಯದೇ ತಪ್ಪಿರಬೇಕೆಂದು ಮತ್ತೆ ನುಡಿಸಿದೆ, ಗುಂಡಿಗಳನ್ನು ತಿರುಗಿಸಿದೆ. ಊಹೂಂ.

“ಬಸಣ್ಣ, ಅಂಗಡಿಯವರದು ಕೆಟ್ಟಿದೆ,” ಅಂದೆ.

ಯುವಕ ಅಂಥದೇ ಇನ್ನೊಂದನ್ನು ತಂದ. ಅದರ ದನಿಯೂ ಹಾಗೇ ಸೊರಗಿತ್ತು. ಬಸಣ್ಣ ಸ್ಟೂಲಿನಿಂದ ಎದ್ದರು.

“ಎರಡೂ ಕೆಟ್ಟಿರಕ್ಕಿಲ್ಲ ಕಣ್ಲಾ. ಕೆಟ್ಟಿರದು ನಂದು. ಎಲ್ಲೋ ತಪ್ಪು ಮಾಡಿವ್ನಿ.”

ಮೂರನೇ ಮಹಡಿ

ಯುವಕ ನಮ್ಮನ್ನು ಮೇಲಿನ ಮಹಡಿಯ ರಿಪೇರಿ ಕೋಣೆಗೆ ಕರೆದೊಯ್ದ. ಬಸಣ್ಣನ ವಯಸ್ಸಿನವರೇ ಒಬ್ಬರು, ತನಾಕಾ ಎಂದು ಹೆಸರು, ತೋಳಿಗೆ ಕಪ್ಪು ಬಟ್ಟೆ ಏರಿಸಿಕೊಂಡು ಕೂತಿದ್ದರು. ಕಾಯಿಸಿದ ಸೀಸದ ವಾಸನೆ ಹೊಳೆನರಸೀಪುರದ ಅಂಗಡಿಯದೇ. ಅದನ್ನು ಮೂಸಿದ ಮೇಲೆ ಬಸಣ್ಣನಿಗೆ ಸ್ವಲ್ಪ ಧೈರ್ಯ ಬಂತು.

“ಬಿಚ್ಚಿ ಸಾ. ಏನ್ ತಪ್ಪೈತೆ ನೋಡಿ ಯೋಳಿ,” ಅಂದರು. ಫೋನು ಅದನ್ನು ಜಪಾನಿ ಮಾಡಿತು.

ತನಾಕಾ ಪೆಡಲಿಗೊಂದು ನಮಸ್ಕಾರ ಮಾಡಿ ಹಿಂದಿನ ತಗಡು ಬಿಚ್ಚಿದರು. ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡುತ್ತಾ ‘ಹೋ’ ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ‘ಹೋ’. ಯುವಕನನ್ನು ಕರೆದು ತೋರಿಸಿದರು. ‘ಇಂಥ ಕೈ ಈಗ ವಿರಳ’ ಎಂದಿತು ಫೋನು. ಆಮೇಲೆ ತಗಡನ್ನು ತಿರುಗಿಸಿ ಒಳಮೈಯಲ್ಲಿ ಏನನ್ನೋ ಹುಡುಕಿದರು. ಮಾಡಿದವರ ಹೆಸರು. ಇರಲಿಲ್ಲ.

ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಮೀಟರಿನ ಕಡ್ಡಿಯಿಂದ ಒಂದೊಂದೇ ಭಾಗ ಮುಟ್ಟುತ್ತಾ ಬಂದರು. ಎಲ್ಲ ಸರಿ. ತಂತಿಯ ನಾದ ಒಳಗೆ ಬರುವ ಜಾಗದಲ್ಲಿ ಒಂದು ಕಂಡೆನ್ಸರ್ ಇತ್ತು, ಹುಣಸೆ ಬೀಜದಷ್ಟು ಗಾತ್ರ, ಮೈಮೇಲೆ ಅದರ ಅಳತೆ ಹೇಳುವ ಬಣ್ಣದ ಪಟ್ಟಿಗಳು. ಅಲ್ಲಿ ಅವರ ಕಡ್ಡಿ ನಿಂತಿತು. ನಕ್ಷೆಯಲ್ಲಿರುವುದಕ್ಕಿಂತ ಇದು ಹತ್ತು ಪಟ್ಟು ದೊಡ್ಡದು ಎಂದು ಮೀಟರು ತೋರಿಸುತ್ತಿತ್ತು.

“ಆಗಕ್ಕೇ ಇಲ್ಲ,” ಅಂದರು ಬಸಣ್ಣ. “ಮೂರನೇ ಪಟ್ಟಿ ನೋಡಿ ಸಾ. ಕಿತ್ತಳೆ ಬಣ್ಣ. ಕಿತ್ತಳೆ ಅಂದ್ರೆ ಚಿಕ್ಕದು, ಅಳದಿ ಅಂದ್ರೆ ಅದ್ರ ಅತ್ತರಷ್ಟು. ನಾನೇನ್ ಬಣ್ಣ ಗೊತ್ತಿಲ್ದವ್ನಾ?”

ತನಾಕಾ ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ಪಟ್ಟಿಯ ಮೇಲೆ ಮೆಲ್ಲಗೆ ಆಡಿಸಿದರು. ಹತ್ತಿ ಕೆಂಪಾಯಿತು. ಕಿತ್ತಳೆ ಪಟ್ಟಿ ನೋಡನೋಡುತ್ತಿದ್ದಂತೆ ಹಳದಿಯಾಯಿತು.

ಬಸಣ್ಣ ಆ ಕೆಂಪು ಹತ್ತಿಯನ್ನು ಕೈಗೆ ತೆಗೆದುಕೊಂಡು ಮೂಸಿದರು. “ಶಿವನೇ. ಕುಂಕುಮ,” ಅಂದರು.

ಆಯುಧ ಪೂಜೆಯ ದಿನ ಖಾನೆಗಳ ಮೇಲೆ ಚಿಮುಕಿಸಿದ ನೀರು! ಹಳದಿ ಪಟ್ಟಿಯ ಮೇಲೆ ಕುಂಕುಮದ ನೀರು ಒಣಗಿ ಕಿತ್ತಳೆಯಾಗಿ ಕೂತಿತ್ತು. ಚಿಕ್ಕದೆಂದು ನಂಬಿ ದೊಡ್ಡದನ್ನು ಹಾಕಿದ್ದರು, ಇಪ್ಪತ್ತೈದು ವರ್ಷದ ಹಿಂದೆ.

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಬಸಣ್ಣ ನಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. “ಊರಿನೋರ್ಗೆಲ್ಲ ಸರ್ಯಾಗಿ ಮಾಡ್ಕೊಟ್ಟೆ. ನಿಂಗೊಬ್ಬುಂಗೆ ತಪ್ ಸಾಮಾನು ಕೊಟ್ಬುಟ್ಟೆ ಕಣ್ಲಾ ಲೋಕೇಶ. ಇಷ್ಟ್ ವರ್ಷ.” ನನ್ನ ನಗು ಅಲ್ಲೇ ನಿಂತಿತು.

ತನಾಕಾ ಹಳೇ ಕಂಡೆನ್ಸರಿನ ಬೆಸುಗೆ ಬಿಡಿಸಿ, ಎರಡು ಕ್ಲಿಪ್ಪುಗಳಿಂದ ನಕ್ಷೆಯಲ್ಲಿದ್ದ ಸರಿಯಾದ ಕಂಡೆನ್ಸರನ್ನು ಸಿಕ್ಕಿಸಿ, ಅಲ್ಲಿದ್ದ ಬೇಸೊಂದನ್ನು ಕೊಟ್ಟು ನುಡಿಸಿ ಎಂದು ಸನ್ನೆ ಮಾಡಿದರು. ನುಡಿಸಿದೆ. ಹೊಟ್ಟೆ ಮಾಯ. ಥೇಟ್ ಅಸಲಿ. ಮತ್ತೆ ಹಳೆಯದನ್ನು ಸಿಕ್ಕಿಸಿದರು. ಗುಡುಗು ಬಂತು. ಹೀಗೆ ಮೂರು ಸಲ. ಫೋನು ಅವರ ಮಾತನ್ನು ಹೇಳಿತು: ಅಸಲಿಯನ್ನು ಮಾಡಿದ್ದು ಆರು ತಂತಿಯ ಗಿಟಾರಿಗಾಗಿ. ಚಿಕ್ಕ ಕಂಡೆನ್ಸರ್ ತಗ್ಗಿನ ನಾದವನ್ನು ಬಾಗಿಲಲ್ಲೇ ತಡೆಯುತ್ತದೆ, ಗಿಟಾರಿಗೆ ಅದೇ ಬೇಕು. ದೊಡ್ಡದು ತಗ್ಗಿನ ನಾದವನ್ನೂ ಒಳಗೆ ಬಿಡುತ್ತದೆ. ಬೇಸಿಗೆ ಬೇಕಾದದ್ದು ಇದು.

“ಏನಾದ್ರೂ ಇರ್ಲಿ ಸಾ,” ಅಂದರು ಬಸಣ್ಣ. “ನಕ್ಷೇಲಿ ಇಲ್ದಿರದು ತಪ್ಪೇ. ಕಿತ್ತು ಸರಿಯಾದ್ದು ಆಕ್ಬುಡಿ. ಕಣ್ಮುಂದೆ ಸರಿ ಓಗ್ಲಿ.”

ತನಾಕಾ ಕತ್ತು ವಾಲಿಸಿ, ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದುಕೊಂಡರು.

ಈ ಸಲ ಇಬ್ಬರಿಗೂ ಅರ್ಥವಾಯಿತು. ಆದರೆ ಬಸಣ್ಣ ಹಟ ಬಿಡುವ ಪೈಕಿಯಲ್ಲ, ಬೆಸುಗೆಯ ಕಾದ ಕಬ್ಬಿಣಕ್ಕೆ ತಾವೇ ಕೈ ಹಾಕಿದರು. ನನಗೆ ತಡೆಯಲಾಗಲಿಲ್ಲ. ಜಪಾನಿನಲ್ಲಿ ಈ ಐದು ದಿನದಲ್ಲಿ ಯಾರೂ ಕೂಗದಷ್ಟು ಜೋರಾಗಿ ಕೂಗಿದೆ.

“ಮುಟ್ಬೇಡಿ ಬಸಣ್ಣ! ತಪ್ಪಾಗ್ಲಿ ಒಪ್ಪಾಗ್ಲಿ ಅದು ನಂದು! ಮದ್ವೆ ಛತ್ರದಲ್ಲಿ ಹಿಂದ್ಗಡೆ ನಿಂತು ಇಷ್ಟು ವರ್ಷ ನಾನು ಬದ್ಕಿರೋದೇ ಆ ಸದ್ದಲ್ಲಿ. ಆ ನಕ್ಷೆ ಮನೆ ಹಾಳಾಗ್ಲಿ!”

ಕೆಳಗಿನ ಮಹಡಿಯವರೆಗೂ ಕೇಳಿಸಿರಬೇಕು. ಆ ಫೋನು ಬೇರೆ ನಾನು ಕೂಗಿದ್ದನ್ನೆಲ್ಲ ನಿಧಾನವಾಗಿ, ವಿನಯವಾಗಿ ಜಪಾನಿಯಲ್ಲಿ ಒಪ್ಪಿಸಿತು. ತನಾಕಾ ಪೂರ್ತಿ ಕೇಳಿಸಿಕೊಂಡರು. ಎದ್ದು ನಿಂತು ನನಗೊಮ್ಮೆ ಬಗ್ಗಿದರು, ಬಸಣ್ಣನಿಗೆ ಇನ್ನೂ ಆಳವಾಗಿ ಬಗ್ಗಿದರು. ಹಳೆಯದನ್ನು ಅದರ ಜಾಗದಲ್ಲೇ ಬೆಸೆದು, ಸರಿಯಾದ ಚಿಕ್ಕ ಕಂಡೆನ್ಸರನ್ನು ಬಸಣ್ಣನ ಅಂಗೈಯಲ್ಲಿಟ್ಟರು. ಬೇಕಾದರೆ ನೀವೇ ಹಾಕಿಕೊಳ್ಳಿ, ನನ್ನ ಕೈಯಿಂದಾಗದು ಎಂಬ ಅರ್ಥ. ಆಮೇಲೆ ಒಂದು ದಪ್ಪ ಪುಸ್ತಕ ತೆರೆದು ಫೋನಿಗೆ ಏನೋ ಹೇಳಿದರು.

‘ಮಾನ್ಯರೇ, ಈ ತಪ್ಪನ್ನು ನಾನು ಬರೆದಿಟ್ಟುಕೊಳ್ಳಲು ಅಪ್ಪಣೆಯಿದೆಯೇ?’

“ತಪ್ಪನ್ನ ಯಾರಾನಾ ಬರ್ಕತಾರೇನ್ಲಾ?” ಬಸಣ್ಣ ನನ್ನ ಮುಖ ನೋಡಿದರು. ಬರೆದುಕೊಳ್ಳಲಿ ಬಿಡಿ ಅಂದೆ. ತನಾಕಾ ಇಡೀ ಸರ್ಕ್ಯೂಟನ್ನು ಅಂದವಾಗಿ ಬರೆದು, ಕೆಳಗೆ ಮಾಡಿದವರ ಹೆಸರು ಕೇಳಿದರು. ಬಸಣ್ಣ ಅಡ್ಡಡ್ಡ ತಲೆಯಾಡಿಸಿದರು. “ನಂದಲ್ಲ ಸಾ. ಕಾಪಿ. ಅದೂ ತಪ್ಪು ಕಾಪಿ.” ತನಾಕಾ ಒತ್ತಾಯ ಮಾಡಲಿಲ್ಲ. ಹೆಸರಿನ ಜಾಗದಲ್ಲಿ ಉದ್ದಕ್ಕೊಂದು ಗೆರೆ ಎಳೆದು ಖಾಲಿ ಬಿಟ್ಟು, ತಮ್ಮ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ನಾನು ಅಸಲಿಯನ್ನು ಕೊಳ್ಳಲಿಲ್ಲ. ಕಪ್ಪೆಯದನ್ನು ಕೊಂಡೆ.

ವಾಪಸ್ಸು

ವಿಮಾನದಲ್ಲಿ ಬಸಣ್ಣ ಆ ಪುಟ್ಟ ಕಂಡೆನ್ಸರನ್ನು ತಾಯಿತದಂತೆ ನಕ್ಷೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಿದ್ದರು. ಬೆಂಗಳೂರಿನಲ್ಲಿ ಇಳಿದ ಮೇಲೆ, “ಪೆಡಲ್ ಕೊಟ್ಟಿರು. ಕಿಲೀನ್ ಮಾಡಿ ಕೊಡ್ತೀನಿ,” ಅಂದರು. ಕೊಡುವುದಿಲ್ಲ ಅನ್ನಬೇಕೆನ್ನಿಸಿತು. ಆದರೆ ಹದಿನಾರು ವರ್ಷ ದೊಡ್ಡವರು, ಅವರು ಮಾಡಿದ ಸಾಮಾನು, ಏನೆಂದು ಹೇಳಲಿ? ಆ ಊರಿನವರ ಹಾಗೆ ಹಲ್ಲಿನ ಸಂದಿಯಿಂದ ಉಸಿರೆಳೆದು ನೋಡಿದೆ. ಬಸಣ್ಣ ಕಂಡೂ ಕಾಣದವರಂತೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು.

ಮೂರು ವಾರ ಫೋನ್ ಮಾಡಿದಾಗಲೆಲ್ಲ “ಇನ್ನೂ ಆಗಿಲ್ಲ ಕಣ್ಲಾ” ಎಂಬ ಒಂದೇ ಉತ್ತರ. ನಾನು ಅಂಗಡಿಗೆ ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ. ಪದ್ಮ, “ಆ ದೇಶದಿಂದ ಬೇರೆ ಯಾರನ್ನೋ ಕಳ್ಸಿದ್ದಾರೆ ಬಿಡಿ” ಅಂದಳು.

ಅರಕಲಗೂಡು

ಅರಕಲಗೂಡಿನ ಛತ್ರವೊಂದರಲ್ಲಿ ಬೀಗರೂಟ. ಮಧ್ಯಾಹ್ನದ ಬಿಸಿಲು, ಒಳಗೆ ಮಟನ್ ಸಾರಿನ ಘಮ, ಮೊದಲ ಪಂಕ್ತಿ ಕೂತಾಗಿತ್ತು. ಬಸಣ್ಣ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸೇರಿದ್ದರು. ಅವರಿಗಾಗಿ ಪಕ್ಕದ ಹೋಟೆಲಿನಿಂದ ಮೊಸರನ್ನ ತರಿಸಿದ್ದೆ. ಹಾಡುವವರು ಮೈಕ್ ಹಿಡಿದು ನಿಂತ ಮೇಲೆ, ಬಟ್ಟೆಯಲ್ಲಿ ಸುತ್ತಿದ ಪೆಡಲನ್ನು ಬಸಣ್ಣ ತಂದು ನನ್ನ ಕಾಲ ಬಳಿ ಇಟ್ಟರು. ಹೊರಗಡೆಯ ಕುಂಕುಮ ಹಾಗೇ ಇತ್ತು.

“ಬ್ಯಾಟ್ರಿ ಆಕಿಲ್ಲ ಕಣ್ಲಾ. ನೀನೇ ಆಕ್ಕೊ,” ಎಂದು ಹೇಳಿ ಹೋಗಿ ಸ್ಪೀಕರಿನ ಪಕ್ಕ ಕೂತರು.

ಬ್ಯಾಟರಿಯಿಲ್ಲದೆ ಸಾಮಾನು ವಾಪಸ್ಸು ಕೊಟ್ಟವರೇ ಅಲ್ಲ ಬಸಣ್ಣ. ತಂಡದವರು ಕಾಯುತ್ತಿದ್ದಾರೆ, ಇದೊಂದು ಬಾಕಿಯಿತ್ತು ಎಂದು ಗೊಣಗುತ್ತಾ ನಾಲ್ಕು ಸ್ಕ್ರೂ ಬಿಚ್ಚಿ ತಗಡು ತೆಗೆದೆ. ಮೊದಲು ಕಣ್ಣು ಹೋದದ್ದು ಆ ಜಾಗಕ್ಕೆ. ಹಳದಿ ಪಟ್ಟಿಯ ಹಳೇ ಕಂಡೆನ್ಸರೇ ಇತ್ತು. ಆಮೇಲೆ ತಗಡನ್ನು ತಿರುಗಿಸಿದೆ.

ಒಳಮೈಯಲ್ಲಿ ಚೀಟಿ ಅಂಟಿಸಿತ್ತು. ನಮ್ಮ ಕಡೆಯ ರೇಡಿಯೊಗಳ ಹೊಟ್ಟೆಯಲ್ಲೆಲ್ಲ ಇರುವಂಥದೇ ಚೀಟಿ, ಅದೇ ದುಂಡು ಅಕ್ಷರ. ಬಸವರಾಜು, ಹೊಳೆನರಸೀಪುರ. ತಾರೀಕು. ಸಹಿ. ಸಹಿಯ ಕೆಳಗೆ, ಬೇರೆ ಯಾವ ಚೀಟಿಯಲ್ಲೂ ನಾನು ಕಾಣದ ಒಂದು ಸಾಲು:

‘ತಪ್ಪೂ ನನ್ನದೇ.’

ಅಕ್ಷರಗಳು ಕಲಸಿಕೊಂಡವು. ಕಣ್ಣೊರೆಸಿಕೊಂಡು, ಮೊಬೈಲು ತೆಗೆದು ಆ ಚೀಟಿಯ ಫೋಟೊ ಹಿಡಿದೆ. ಒಚನೊಮಿಜುವಿನ ಮೂರನೇ ಮಹಡಿಯ ಪುಸ್ತಕದಲ್ಲಿ ಒಂದು ಗೆರೆ ಇನ್ನೂ ಖಾಲಿಯಿತ್ತು. ಬ್ಯಾಟರಿ ಸಿಕ್ಕಿಸಿ, ತಗಡು ಮುಚ್ಚಿ ತಲೆಯೆತ್ತಿದಾಗ ಬಸಣ್ಣ ಸ್ಪೀಕರಿನ ಮೇಲೆ ಅಂಗೈಯಿಟ್ಟು, ನನ್ನ ಕಡೆ ನೋಡದೆ ಗದರಿದರು.

“ಏನ್ಲಾ ನೋಡ್ತಾ ನಿಂತಿದ್ದೀಯ? ಜನ ಕಾಯ್ತಾವ್ರೆ. ತುಳಿ!”

ತುಳಿದೆ.